ಒಂದೇ ಅಂಕಿಯ ಬಿ.ಪಿ.

ಆಸ್ಪತ್ರೆ, ನಾಲ್ಕನೇ ಮಹಡಿಯ ಕಾಯುವ ಕೋಣೆ
ತಾರೀಖು ಹದಿನಾಲ್ಕು, ಗುರುವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಬೋಲ್ಟೂ,

ಹೇಗಿದ್ದೀಯೇ? ಹೊಟ್ಟೆಗೆ ಏನಾದರೂ ಹಾಕಿಕೊಂಡೆಯಾ? ಹಿಂದಿನ ಸಲ ಹೇಳಿದ್ದ ಆ ಒಣ ಕೆಮ್ಮು ನಿಂತಿತೋ, ಇನ್ನೂ ಇಂಜಿನ್ ಕೋಣೆಯ ಹೊಗೆ ಕುಡಿದು ಕೆಮ್ಮುತ್ತಲೇ ಇದ್ದೀಯೋ? ಮನೆಗೆ ಬೆಂಕಿ ಬಿದ್ದಿರುವಾಗ ಈ ಮುದುಕಿ ಕೆಮ್ಮಿನ ಮಾತಾಡುತ್ತಾಳಲ್ಲ ಎಂದು ಹಲ್ಲು ಕಡಿಯಬೇಡ. ಕಾಗದ ಎಂದರೆ ಮೊದಲು ಕ್ಷೇಮ, ಆಮೇಲೆ ಸುದ್ದಿ. ಹಾಗೆ ಪಳಗಿದ ಕೈ ಇದು, ಈ ವಯಸ್ಸಿನಲ್ಲಿ ಬೇರೆ ದಾರಿ ಹಿಡಿಯದು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಮಾತ್ರೆ ಮರೆಯದೆ ನುಂಗುತ್ತಿದ್ದೇನೆ. ಇಲ್ಲಿಯ ಕುರ್ಚಿಗಳನ್ನು ಯಾರು ಮಾಡಿದರೋ, ಬೆನ್ನು ಇರುವವರಿಗೆಂದು ಮಾಡಿದ್ದಂತೂ ಅಲ್ಲ. ಇನ್ನು ನಿನ್ನ ಗಂಡನ ಕ್ಷೇಮ ಎಂದು ಬರೆಯಲು ಹೋದರೆ ಪೆನ್ನು ನಿಂತುಬಿಡುತ್ತದೆ. ಅದಕ್ಕೇ ಇಷ್ಟು ಸುತ್ತಿ ಬಳಸಿ ಬರುತ್ತಿದ್ದೇನೆ.

ನಿನ್ನ ಸಂದೇಶ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೈ ಸೇರಿತು. ಹಡಗಿನ ಫೋನು ಕೆಟ್ಟಿದೆ, ಬರಹ ಮಾತ್ರ ದಿನಕ್ಕೆ ಎರಡು ಸಲ ಹೋಗಿ ಬರುತ್ತದೆ ಎಂದು ನಿಮ್ಮ ಹಡಗು ಕಚೇರಿಯ ಗುಮಾಸ್ತ ಹೇಳಿದ. ನೀನು ಬರೆದದ್ದನ್ನು ಒಂದು ಚೀಟಿಯಲ್ಲಿ ಇಳಿಸಿ ಕಳಿಸಿದ್ದ. "ಅಮ್ಮಾ, ಒಂದೇ ಮಾತಲ್ಲಿ ಹೇಳು. ಇದ್ದಾನಾ, ಇಲ್ವಾ?" ಅಷ್ಟೇ ಇತ್ತು. ಆ ಚೀಟಿಯನ್ನು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಅದು ಈಗ ಚಿಂದಿಯಾಗಿದೆ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಸೋಮವಾರ ಮಧ್ಯಾಹ್ನ "ಹೋಗಿಬಿಟ್ಟ, ಮಗಳೇ" ಎಂದು ಕಳಿಸಿದವಳು ನಾನು. ಅದೇ ಸಂಜೆ "ಹೋಗಿಲ್ಲ, ಯಂತ್ರ ನಡೆಸ್ತಿದೆ" ಎಂದವಳೂ ನಾನು. ಮಂಗಳವಾರ "ನನಗೆ ತಲೆಬುಡ ತಿಳೀತಿಲ್ಲ" ಎಂದವಳೂ ನಾನೇ. ಒಂದೂವರೆ ದಿನದಲ್ಲಿ ಮಗಳ ಗಂಡನನ್ನು ಕೊಂದು, ಬದುಕಿಸಿ, ನಡುದಾರಿಯಲ್ಲಿ ಕೈಬಿಟ್ಟ ತಾಯಿ ಇನ್ನೊಬ್ಬಳು ಇರಲಾರಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ಹೇಳಿ ಹೇಳಿ ಬೆಳೆಸಿದವಳು ನಾನೇ ಅಲ್ಲವೇ. ಕ್ಷಮಿಸು ಕಂದಾ. ಒಂದೇ ಮಾತಿನಲ್ಲಿ ಹೇಳಲು ನನಗೆ ಬರುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿ ನೀನೇ ಹೇಳು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಿನ್ನ ಗಂಡ ತನ್ನ ಸಲೂನಿನಲ್ಲಿ ಒಬ್ಬರಿಗೆ ಗಡ್ಡ ಬೋಳಿಸುತ್ತಿದ್ದ. ಎಡಗೆನ್ನೆ ಮುಗಿಸಿ, ಕತ್ತಿ ಒರೆಸಿ, ಬಲಗೆನ್ನೆಗೆ ಬರುವಷ್ಟರಲ್ಲಿ ಕತ್ತಿಯನ್ನು ಮೆಲ್ಲಗೆ ಕಪಾಟಿನ ಮೇಲೆ ಇಟ್ಟನಂತೆ. ಬೀಳುವವನು ಕೂಡ ಕತ್ತಿ ಇಟ್ಟು ಬಿದ್ದಿದ್ದಾನೆ ನೋಡು, ಗಿರಾಕಿಗೆ ತಾಗಬಾರದೆಂದು. ಆಮೇಲೆ ಬುಡ ಕಡಿದ ಹಾಗೆ ಉರುಳಿದ. ಕುರ್ಚಿಯಲ್ಲಿದ್ದವರು ಲಿಫ್ಟ್ ರಿಪೇರಿ ಮಾಡುವವರು. ಅವರ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಬೊಂಬೆಯ ಎದೆ ಒತ್ತಿಸಿ ಅಭ್ಯಾಸ ಮಾಡಿಸುತ್ತಾರಂತೆ. ಅವರು ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಕೆಳಗಿಳಿದು, ನಿನ್ನ ಗಂಡನ ಎದೆಯ ಮೇಲೆ ಎರಡೂ ಕೈ ಇಟ್ಟು ಒತ್ತತೊಡಗಿದರು. ಆಂಬುಲೆನ್ಸ್ ಬರಲು ಹನ್ನೊಂದು ನಿಮಿಷ. ಅಷ್ಟು ಹೊತ್ತೂ ಬಿಡಲಿಲ್ಲ. "ಪಕ್ಕೆಲುಬು ಲಟಕ್ ಅಂದ್ರೂ ಬಿಡಲಿಲ್ಲ ಅಮ್ಮಾ, ತಪ್ಪು ಮಾಡಿದ್ನಾ?" ಎಂದು ನನ್ನನ್ನು ಕೇಳಿದರು. ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತು, ಆದರೆ ನನ್ನ ಮಂಡಿ ನಿನಗೆ ಗೊತ್ತಲ್ಲ, ಬಿದ್ದರೆ ಎಬ್ಬಿಸಲು ಇನ್ನೊಂದು ಆಂಬುಲೆನ್ಸ್ ಬೇಕು.

ಅವರು ಸೋಮವಾರದಿಂದ ಇಲ್ಲಿಯೇ ಬಂದು ಹೋಗುತ್ತಿದ್ದಾರೆ. ಎಡಗೆನ್ನೆಯಲ್ಲಿ ಮೂರು ದಿನದ ಕುರುಚಲು, ಬಲಗೆನ್ನೆ ಕಾಡು. "ಅಯ್ಯೋ, ಮುಗಿಸಿಕೊಳ್ರಪ್ಪಾ, ನೋಡೋಕಾಗಲ್ಲ" ಎಂದೆ. "ಉಳಿದರ್ಧ ಅವರೇ ಬೋಳಿಸಬೇಕು, ನಾನು ಬೇರೆ ಕಡೆ ಕೂರಲ್ಲ" ಎಂದರು. ಈ ಮಹಡಿಯಲ್ಲಿ ಎಲ್ಲರೂ ಅವರನ್ನು ಅರ್ಧ ಗಡ್ಡದವರು ಎಂದೇ ಕರೆಯುತ್ತಾರೆ. ಈ ಕಾಗದವನ್ನು ಐದು ಗಂಟೆಯೊಳಗೆ ಹಡಗು ಕಚೇರಿಗೆ ಒಯ್ಯುವವರೂ ಅವರೇ. ಗುಮಾಸ್ತ ಇದಷ್ಟನ್ನೂ ಟೈಪ್ ಮಾಡಿ ಸಂಜೆಯ ಸರದಿಯಲ್ಲಿ ಕಳಿಸುತ್ತಾನಂತೆ. ನನ್ನ ಅಕ್ಷರ ಓದುವ ಪಾಪದವನು, ಅವನಿಗೆ ಒಳ್ಳೆಯದಾಗಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಂಬುಲೆನ್ಸಿನಲ್ಲಿ ಮೂರು ಸಲ ಶಾಕ್ ಕೊಟ್ಟರೂ ಹೃದಯ ಹೊರಡಲಿಲ್ಲ. ಎದೆಗೆ ಪಟ್ಟಿ ಬಿಗಿದು ತಾನೇ ಗುದ್ದುವ ಒಂದು ಯಂತ್ರ ಇತ್ತಂತೆ, ಅದನ್ನು ಹಚ್ಚಿ, ಗುದ್ದಿಸುತ್ತಲೇ ಇಲ್ಲಿಗೆ ತಂದರು. ಇಲ್ಲಿ ಬಾಗಿಲಲ್ಲೇ ತೊಡೆಯ ಎರಡು ರಕ್ತನಾಳಗಳಿಗೆ ಹೆಬ್ಬೆರಳಿನ ಗಾತ್ರದ ಕೊಳವೆ ತೂರಿಸಿ ಇನ್ನೊಂದು ದೊಡ್ಡ ಯಂತ್ರಕ್ಕೆ ಜೋಡಿಸಿದರು. ನಾನು ಬಂದಾಗ ಮಧ್ಯಾಹ್ನ ಒಂದು ಗಂಟೆ. "ನಾನೂ ನರ್ಸ್, ಮೂವತ್ತೆರಡು ವರ್ಷ ಹೆರಿಗೆ ವಾರ್ಡು ನೋಡಿದವಳು" ಎಂದು ಗದರಿಸಿ ಒಳಗೆ ನುಗ್ಗಿದೆ. ಅಲ್ಲಿ ಮಲಗಿದ್ದ. ಸುತ್ತ ಕೊಳವೆಗಳು. ಅದೇನೆಂದು ಕೇಳುವ ಮೊದಲೇ ನನ್ನ ಕೈ ತನ್ನ ಕೆಲಸಕ್ಕೆ ಹೋಯಿತು: ಎಡ ಮಣಿಕಟ್ಟು ಹಿಡಿದೆ. ನಾಡಿ ಇಲ್ಲ. ಕುತ್ತಿಗೆಗೆ ಬೆರಳು ಇಟ್ಟೆ. ಇಲ್ಲ. ಒಂದು ಪೂರ್ತಿ ನಿಮಿಷ ಗಡಿಯಾರ ನೋಡಿ ಹಿಡಿದೆ, ಕಲಿಸಿದ ಹಾಗೆ, ಮೂರು ಬೆರಳಿನಲ್ಲಿ. ಇಲ್ಲವೇ ಇಲ್ಲ. ಸಾವಿರಾರು ತಾಯಂದಿರ ನಾಡಿ ಹಿಡಿದ ಬೆರಳು ಸುಳ್ಳು ಹೇಳುತ್ತದೆಯೇ? "ಸತ್ತವನಿಗೆ ಯಾಕ್ರೀ ಇಷ್ಟು ಕೊಳವೆ ಚುಚ್ಚಿದ್ದೀರಿ, ಬಿಡ್ರೀ ಅವನನ್ನ!" ಎಂದು ಕಿರುಚಿದೆನಂತೆ. ಯಾರೋ ನನ್ನನ್ನು ಹೊರಗೆ ತಂದು ಕೂರಿಸಿದರು. ಡಾಕ್ಟರು ಬರುತ್ತಾರೆ, ತಡೀರಿ ಎಂದರು. ತಡೆಯಲಿಲ್ಲ. ನೆಟ್ಟಗೆ ಕೆಳಗಿಳಿದು ನಿಮ್ಮ ಕಚೇರಿಗೆ ಫೋನ್ ಮಾಡಿ ಆ ಹಾಳು ಮಾತು ಕಳಿಸಿಬಿಟ್ಟೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಪ್ರಮಾಣಿಸಿಯೇ ನೋಡಿದ್ದೆ, ಅದೇ ತಪ್ಪಾಯಿತು.

ಸಂಜೆ ಡಾಕ್ಟರು ಕೂರಿಸಿಕೊಂಡು ಹೇಳಿದರು. ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಅದನ್ನೇ ಮೇಜಿನಲ್ಲಿ ಹುಡುಕುವ ಜಾತಿಯವರು, ಆದರೆ ಒಳ್ಳೆಯವರು. ಹೃದಯ ನಿಂತಿದೆ, ಆದರೆ ರಕ್ತ ನಿಂತಿಲ್ಲ ಎಂದರು. ಮೈಯ ಕಪ್ಪು ರಕ್ತವನ್ನು ಒಂದು ಕೊಳವೆ ಹೊರಗೆ ಎಳೆಯುತ್ತದೆ, ಯಂತ್ರ ಅದಕ್ಕೆ ಆಮ್ಲಜನಕ ಬೆರೆಸಿ ಕೆಂಪು ಮಾಡುತ್ತದೆ, ಇನ್ನೊಂದು ಕೊಳವೆ ಅದನ್ನು ಒಳಗೆ ತಳ್ಳುತ್ತದೆ. ಹೃದಯದ ಕೆಲಸವೂ ಶ್ವಾಸಕೋಶದ ಕೆಲಸವೂ ಅದರದೇ. ಹೃದಯಕ್ಕೆ ಹೋಗುವ ದೊಡ್ಡ ನಾಳ ಮುಚ್ಚಿತ್ತು, ಅದನ್ನು ಬಿಡಿಸಿ ಸ್ಪ್ರಿಂಗ್ ಇಟ್ಟಿದ್ದಾರೆ. ಪೆಟ್ಟು ತಿಂದ ಹೃದಯ ಸುಧಾರಿಸಿಕೊಳ್ಳುವವರೆಗೆ ಇದು ಆಸರೆ. "ಹಾಗಾದ್ರೆ ಬದುಕಿದ್ದಾನಾ?" ಎಂದೆ. "ಸತ್ತಿಲ್ಲ" ಎಂದರು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು! ನನಗೆ ಆ ಹೊತ್ತಿನಲ್ಲಿ ನಗು ಬಂತು, ನಂಬು. ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಡಾಕ್ಟರು ಹಣೆಯ ಕನ್ನಡಕ ಇಳಿಸಿ ಒರೆಸಿಕೊಂಡರು.

ನೀನು ಪಂಪುಗಳ ನಡುವೆ ಬದುಕುವವಳು, ನಿನಗೆ ಇದು ಥಟ್ಟನೆ ಹೊಳೆಯುತ್ತದೆ. ಆ ಯಂತ್ರದ ಪಂಪು ಕುಟ್ಟುವುದಿಲ್ಲ, ಗಿರಗಿರ ತಿರುಗುತ್ತದೆ. ಅದಕ್ಕೇ ರಕ್ತ ಒಂದೇ ಸಮನೆ ಹರಿಯುತ್ತದೆ, ನಲ್ಲಿ ಬಿಟ್ಟ ಹಾಗೆ. ಏರಿಲ್ಲ, ಇಳಿವಿಲ್ಲ. ಏರಿಳಿತ ಇಲ್ಲದ ಮೇಲೆ ನಾಡಿ ಎಲ್ಲಿಂದ ಬರಬೇಕು? ಪರದೆಯ ಮೇಲೆ ಬಿ.ಪಿ. ತೋರಿಸುತ್ತದೆ: ಅರವತ್ತೈದು. ಮೇಲಿನದು ಎಷ್ಟು, ಕೆಳಗಿನದು ಎಷ್ಟು ಎಂದು ಕೇಳಿದೆ. ಎರಡೂ ಅದೇ ಎಂದರು. ಮೂವತ್ತೆರಡು ವರ್ಷದಲ್ಲಿ ನಾನು ಒಂದೇ ಅಂಕಿಯ ಬಿ.ಪಿ. ನೋಡಿದವಳಲ್ಲ. ನೂರಾ ಇಪ್ಪತ್ತು–ಎಂಬತ್ತು, ನೂರಾ ನಲವತ್ತು–ತೊಂಬತ್ತು, ಎಂದೂ ಜೋಡಿ. ಇಲ್ಲಿ ಒಂಟಿ. ಅದರ ಪಕ್ಕದ ಗೆರೆ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಆದರೆ ಕೈ ಮುಟ್ಟಿದರೆ ಬೆಚ್ಚಗಿದೆ! ಉಗುರು ಕೆಂಪಗಿದೆ, ಒತ್ತಿ ಬಿಟ್ಟರೆ ಬಣ್ಣ ತಿರುಗಿ ಬರುತ್ತದೆ. ನಿನ್ನೆ ನೋಡಿದೆ, ಅವನ ಗಡ್ಡ ಕೂಡ ಬೆಳೆದಿದೆ. ಬೆಚ್ಚಗಿರುವ ಕೈಯನ್ನು ಹಿಡಿದು ಹೆಣ ಎನ್ನಲು ಬಾಯಿ ಬರುವುದಿಲ್ಲ. ನಾಡಿ ಇಲ್ಲದ ಕೈ ಹಿಡಿದು ಜೀವ ಇದೆ ಎನ್ನಲು ಬೆರಳು ಒಪ್ಪುವುದಿಲ್ಲ. ನಾನು ಯಾವುದನ್ನು ನಂಬಲಿ?

ಆ ಯಂತ್ರವನ್ನು ನೋಡಿಕೊಳ್ಳಲೆಂದೇ ಒಬ್ಬಳಿದ್ದಾಳೆ. ನಿನ್ನ ವಯಸ್ಸು ಇರಬೇಕು. ನಾನು ಯಂತ್ರದಮ್ಮ ಎನ್ನುತ್ತೇನೆ. ಗಂಟೆಗೊಮ್ಮೆ ಸಣ್ಣ ಟಾರ್ಚ್ ಹಿಡಿದು ಕೊಳವೆಯ ಉದ್ದಕ್ಕೂ ಬೆಳಕು ಬಿಟ್ಟು, ಎಲ್ಲಾದರೂ ರಕ್ತ ಹೆಪ್ಪುಗಟ್ಟಿದೆಯೇ ಎಂದು ಹುಡುಕುತ್ತಾಳೆ. ತಲೆಯಲ್ಲಿ ಹೇನು ನೋಡುವಷ್ಟು ಶ್ರದ್ಧೆ. ಮೊದಲ ದಿನ ನನ್ನನ್ನು ಕಂಡರೆ ಅವಳಿಗೆ ಮೈ ಉರಿ. ಕಿರುಚಿದ ಮುದುಕಿಯಲ್ಲವೇ. ಮಂಗಳವಾರ ನಾನು ಅವನ ಎಡಪಾದ ಮುಟ್ಟಿ "ಇದು ತಣ್ಣಗಿದೆ, ಬಲಗಾಲಿನ ಹಾಗಿಲ್ಲ" ಎಂದೆ. ಅವಳು ಓಡಿ ಬಂದು ನೋಡಿ, ಆ ಕಾಲಿಗೆ ಹೋಗುವ ಸಣ್ಣ ಕೊಳವೆ ಮಡಚಿಕೊಂಡಿದ್ದನ್ನು ಸರಿಮಾಡಿದಳು. ಅಂದಿನಿಂದ ನನಗೆ ಒಂದು ಸ್ಟೂಲು ಸಿಕ್ಕಿದೆ. ಭೇಟಿಯ ಹೊತ್ತು ಮುಗಿದರೂ ಐದು ನಿಮಿಷ ಹೆಚ್ಚು ಬಿಡುತ್ತಾಳೆ. "ನಾಡಿ ಹಿಡೀಬೇಡಿ ಅಮ್ಮಾ, ಸುಮ್ಮನೆ ಕೈ ಹಿಡೀರಿ" ಎಂದಳು. ಸುಮ್ಮನೆ ಕೈ ಹಿಡಿಯುವುದು ನನಗೆ ಎಲ್ಲಿ ಬರುತ್ತದೆ? ಬೆರಳು ತಾನಾಗಿಯೇ ಮಣಿಕಟ್ಟಿಗೆ ಜಾರುತ್ತದೆ. ನಿನ್ನ ಅಪ್ಪನ ಕೈಯನ್ನೂ ನಾನು ಹಾಗೆಯೇ ಹಿಡಿಯುತ್ತಿದ್ದೆ, ಪಾರ್ಕಿನಲ್ಲಿ ಸುತ್ತುವಾಗ ಕೂಡ. "ಎಷ್ಟಿದೆ ಇವತ್ತು?" ಎಂದು ಅವರು ಕೇಳುತ್ತಿದ್ದರು.

ಹೇಳಿದರೆ ನಗುತ್ತೀ, ನಿನ್ನ ಗಂಡನ ಕೈಯನ್ನು ನಾನು ಈ ಮೂರು ದಿನದಲ್ಲಿ ಹಿಡಿದಷ್ಟು ಒಂಬತ್ತು ವರ್ಷದಲ್ಲಿ ಹಿಡಿದಿಲ್ಲ. ಕತ್ತರಿ ಹಿಡಿಯುವವನಿಗೆ ಇಂಜಿನಿಯರ್ ಮಗಳನ್ನು ಹೇಗೆ ಕೊಡಲಿ ಎಂದು ನಾನು ರಂಪ ಮಾಡಿದ್ದನ್ನು ನೀನು ಮರೆತಿಲ್ಲ, ಅವನೂ ಮರೆತಿಲ್ಲ, ಆದರೆ ಎಂದೂ ಎತ್ತಿ ಆಡಲಿಲ್ಲ. ಯಾರಾದರೂ ಕೇಳಿದರೆ ಮಗಳ ಗಂಡ ಎನ್ನುತ್ತಿದ್ದೆನೇ ಹೊರತು ನನ್ನ ಅಳಿಯ ಎಂದು ಬಾಯಿಬಿಟ್ಟು ಹೇಳಿದವಳಲ್ಲ. ಸೋಮವಾರ ಇಲ್ಲಿಯ ಫಾರಂನಲ್ಲಿ ಸಂಬಂಧ ಎಂದು ಕೇಳಿದ ಜಾಗದಲ್ಲೂ ಹಾಗೇ ಬರೆದೆ. ನೀನು ಹಡಗಿಗೆ ಹೋದ ಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಅವನು ನನ್ನನ್ನು ಹಿತ್ತಲ ಬಾಗಿಲಲ್ಲಿ ಕೂರಿಸಿ ತಲೆಗೆ ಬಣ್ಣ ಹಚ್ಚುತ್ತಾನೆ, ಕಾಲಿನ ಉಗುರು ತೆಗೆಯುತ್ತಾನೆ. ನನಗೆ ಬಗ್ಗಲು ಆಗುವುದಿಲ್ಲ ಎಂದು ಹೇಳಿದವಳು ನಾನಲ್ಲ, ನೋಡಿ ತಿಳಿದುಕೊಂಡವನು ಅವನು. "ಹೆಡ್ ನರ್ಸಮ್ಮಾ, ಅಲ್ಲಾಡಬೇಡಿ, ಕಿವಿ ಹೋದ್ರೆ ಅಂಗಡಿಗೆ ಕೆಟ್ಟ ಹೆಸರು" ಎನ್ನುತ್ತಾನೆ. ಎನ್ನುತ್ತಾನೆ ಎಂದು ಬರೆದೆ ನೋಡು. ಎನ್ನುತ್ತಿದ್ದ ಎಂದು ಬರೆಯಬೇಕೋ ಏನೋ, ಅದೂ ಗೊತ್ತಿಲ್ಲ.

ಈಗ ನಿಜವಾದ ಕಷ್ಟ ಕೇಳು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಎಲ್ಲರನ್ನೂ ಕೂರಿಸಿ ಮಾತಾಡುತ್ತಾರಂತೆ. ನಾಲ್ಕು ದಿನವಾಗುತ್ತಾ ಬಂತು, ಹೃದಯ ತಾನಾಗಿ ಏನನ್ನೂ ತಳ್ಳುತ್ತಿಲ್ಲ. ಹೀಗೆಯೇ ಬಿಟ್ಟರೆ ಒಳಗೆ ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟಬಹುದು, ಕಾಲು ಹೋಗಬಹುದು, ಮೂತ್ರಪಿಂಡ ಹೋಗಬಹುದು. ಯಂತ್ರ ಸೇತುವೆಯಂತೆ, ಅದರ ಮೇಲೆ ಮನೆ ಕಟ್ಟಿ ಕೂರಲು ಆಗುವುದಿಲ್ಲವಂತೆ. "ಆಚೆ ದಡ ಇಲ್ಲ ಅಂತ ಗೊತ್ತಾದ್ರೆ ನಿಲ್ಲಿಸೋದೇ ದಯೆ" ಎಂದರು. ತಲೆಯ ಬಗ್ಗೆ ಕೇಳಿದೆ. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕಿರಿದಾಗುತ್ತದೆ, ಅದು ಒಳ್ಳೆಯದು, ಅದಕ್ಕಿಂತ ಹೆಚ್ಚು ಈಗ ಹೇಳಲಾಗದು ಎಂದರು. ನಿಲ್ಲಿಸುವ ಮಾತು ಬಂದರೆ ಹೆಂಡತಿಯ ಅಭಿಪ್ರಾಯ ಬೇಕು. ಹೆಂಡತಿ ಸಮುದ್ರದ ಮೇಲೆ ಎಂದೆ. ಹಾಗಾದರೆ ಅವಳು ಬರೆದು ತಿಳಿಸಲಿ, ಇಲ್ಲವಾದರೆ ಅವಳ ಪರವಾಗಿ ನೀವು ಹೇಳಿ ಎಂದರು. ನೀನು ನಾಳೆ ಬೆಳಿಗ್ಗೆ ಬಂದರಿನಲ್ಲಿ ಇಳಿದರೂ ಇಲ್ಲಿಗೆ ಮುಟ್ಟುವುದು ಶನಿವಾರ. ಹತ್ತು ಗಂಟೆಗೆ ಆ ಕುರ್ಚಿಯಲ್ಲಿ ಕೂರುವವಳು ನಾನು. ಅತ್ತ ದರಿ, ಇತ್ತ ಪುಲಿ.

ಯಂತ್ರ ನಿಲ್ಲಿಸಿ ಎನ್ನುವ ಬಾಯಿ ನನಗೆ ಇಲ್ಲ. ನಿಲ್ಲಿಸಬೇಡಿ ಎನ್ನುವ ಹಕ್ಕೂ ಇಲ್ಲ. ಯಾಕೆ ಇಲ್ಲ ಎಂದು ನಿನಗೆ ಹೇಳಲೇಬೇಕು, ಹೇಳದೆ ಈ ಕಾಗದ ಮುಚ್ಚಿದರೆ ನನಗೆ ಅನ್ನ ಇಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವನು ಅಡುಗೆಮನೆಗೆ ಬಂದ. "ಹೆಡ್ ನರ್ಸಮ್ಮಾ, ಎದೆ ಉರೀತಿದೆ, ಸ್ವಲ್ಪ ನೋಡಿ" ಎಂದು ಕೈ ಚಾಚಿದ. ನಿನಗೆ ಗೊತ್ತಲ್ಲ ಅವನ ಆಟ, ಸಾಮಾನು ತರಲು ಹೇಳಿದಾಗಲೆಲ್ಲ ಕೈ ಚಾಚಿ ರೋಗಿಯಾಗುವುದು. ನಾನು ಸೊಪ್ಪು ಸೋಸುತ್ತಿದ್ದೆ. ಒದ್ದೆ ಕೈಯಲ್ಲೇ ಹಿಡಿದೆ. ಎಪ್ಪತ್ತಾರು, ತಾಳ ತಪ್ಪದೆ ನಡೆಯುತ್ತಿತ್ತು. "ಗುಂಡುಕಲ್ಲಿನ ಹಾಗಿದ್ದೀಯಪ್ಪಾ, ಬಿಸಿನೀರು ಕುಡಿದು ಅಂಗಡಿ ತೆಗಿ ಹೋಗು" ಎಂದೆ. ಅವನು ನಕ್ಕು ಹೋದ. ಹಣೆ ಒದ್ದೆಯಾಗಿತ್ತು. ಮುಖ ತೊಳೆದು ಬಂದಿದ್ದಾನೆ ಎಂದುಕೊಂಡೆ. ಹೆಗಲ ಮೇಲೆ ಟವೆಲ್ ಇರಲಿಲ್ಲ, ಮೇಲಂಗಿಯ ಕಾಲರ್ ಒಣಗಿತ್ತು, ಅದನ್ನೆಲ್ಲ ನಾನು ನೋಡಿದ್ದೆ. ನೋಡಿಯೂ ನೋಡಲಿಲ್ಲ. ಅದು ಬೆವರು ಕಂದಾ. ಎದೆನೋವಿನ ಬೆವರು. ಮೊದಲ ವರ್ಷದ ಕಲಿಯುವ ಹುಡುಗಿಗೂ ಗೊತ್ತಿರುವ ವಿಷಯ. ನಾಡಿ ಸರಿ ಇದೆ ಎಂದ ಮಾತ್ರಕ್ಕೆ ಹೃದಯ ಸರಿ ಇದೆ ಎಂದಲ್ಲ ಎಂದು ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ! ಹಾಗಾಗಿ ಲೆಕ್ಕ ಹಾಕು: ಸಾಯುವ ಹಾಗಿದ್ದವನನ್ನು ಚೆನ್ನಾಗಿದ್ದಾನೆ ಎಂದಿತು ಈ ಬೆರಳು. ಅದೇ ಮಧ್ಯಾಹ್ನ ಇನ್ನೂ ಇದ್ದವನನ್ನು ಸತ್ತ ಎಂದಿತು. ಒಂದೇ ದಿನ ಎರಡು ಸಲ ಸುಳ್ಳು. ಇಂಥ ಬೆರಳು ಇಟ್ಟುಕೊಂಡು ನಾಳೆ ಹತ್ತು ಗಂಟೆಗೆ ನಾನು ಏನೆಂದು ಹೇಳಲಿ?

ಬೈಯುವುದಿದ್ದರೆ ಬೈ, ಮಿಂಚಿಹೋದದ್ದಕ್ಕೆ ನಾನು ಎಷ್ಟು ಅತ್ತರೂ ಅದು ತಿರುಗಿ ಬರುವುದಿಲ್ಲ. ಆದರೆ ಬೈದ ಮೇಲೆ ನಿನ್ನ ಮನಸ್ಸು ಏನೆಂದು ರಾತ್ರಿಯೊಳಗೆ ಎರಡು ಸಾಲು ಬರೆದು ಕಳಿಸು. ಇರಲಿ ಎಂದರೆ ಇರಲಿ ಎನ್ನುತ್ತೇನೆ. ಸಾಕು ಎಂದರೆ ಅವನ ಕೈ ಹಿಡಿದುಕೊಂಡೇ ಸಾಕು ಎನ್ನುತ್ತೇನೆ, ನೀನು ಹೇಳಿದೆ ಎಂದು ಯಾರಿಗೂ ಹೇಳುವುದಿಲ್ಲ, ನನ್ನ ಮಾತೆಂದೇ ಹೇಳುತ್ತೇನೆ. ಆ ಭಾರ ನನ್ನ ಮೇಲಿರಲಿ, ನನಗೆ ವಯಸ್ಸಾಗಿದೆ, ಹೊತ್ತು ತಿರುಗಬೇಕಾದ ದಿನಗಳು ಕಡಿಮೆ. ಇನ್ನೊಂದು, ಸಲೂನಿನ ಬೀಗ ನಾನೇ ಹಾಕಿಸಿದೆ. ಕತ್ತಿ ಅವನು ಇಟ್ಟ ಜಾಗದಲ್ಲೇ ಇದೆ, ಮುಟ್ಟಿಲ್ಲ, ಬಟ್ಟಲಿನ ನೊರೆ ಒಣಗಿ ಹಿಟ್ಟಾಗಿದೆ.

ಗಂಟೆ ನಾಲ್ಕಾಗುತ್ತಾ ಬಂತು, ಒಳಗೆ ಬಿಡುವ ಹೊತ್ತು. ಚಪ್ಪಲಿ ಕಳಚಿ ಕೈ ತೊಳೆಯಬೇಕು. ಇಳಿಯುವಾಗ ಏಣಿಯ ಮೇಲೆ ಜೋಪಾನ, ಅಳುತ್ತಾ ಇಳಿಯಬೇಡ. ನೀನು ಎಲ್ಲಿದ್ದರೂ ನನ್ನ ಎರಡು ಕೈ ನಿನ್ನ ತಲೆಯ ಮೇಲಿವೆ ಎಂದು ತಿಳಿ. ನಿನ್ನ ಕ್ಯಾಪ್ಟನ್ನರಿಗೂ, ನಿನ್ನನ್ನು ಸಮಾಧಾನ ಮಾಡುತ್ತಿರುವ ಯಾರಿದ್ದರೂ ಅವರಿಗೂ ಈ ಮುದುಕಿಯ ನಮಸ್ಕಾರ.

ನಿನ್ನ,
ಏನೂ ತಿಳಿಯದ ಅಮ್ಮ

ತಾ.ಕ.: ಬೋಲ್ಟೂ, ಗಂಟೆ ನಾಲ್ಕೂ ನಲವತ್ತು. ಅರ್ಧ ಗಡ್ಡದವರು ಬೈಕಿನ ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಓಡಿಸಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ನಾಲ್ಕಕ್ಕೆ ಒಳಗೆ ಹೋದೆ. ಪರದೆಗೆ ಬೆನ್ನು ಹಾಕಿ ಕೂತೆ, ಆ ಒಂಟಿ ಅರವತ್ತೈದನ್ನು ನೋಡಲು ನನಗೆ ಆಗುವುದಿಲ್ಲ. ಎಡಗೈ ಹಿಡಿದೆ. ಬೆರಳು ಜಾರಿತು. ತುದಿಗೆ ಏನೋ ತಟ್ಟಿತು. ನಂಬಲಿಲ್ಲ. ಇದು ನನ್ನದೇ ನಾಡಿ ಎಂದುಕೊಂಡೆ, ಹೆಬ್ಬೆರಳು ಒತ್ತಿದರೆ ನಮ್ಮದೇ ನಮಗೆ ಕೇಳುತ್ತದೆ ಎಂದು ಹುಡುಗಿಯರಿಗೆ ಗಂಟಲು ಹರಿಯುವಂತೆ ಹೇಳಿದವಳಲ್ಲವೇ ನಾನು. ಹೆಬ್ಬೆರಳು ತೆಗೆದೆ. ಮೂರೇ ಬೆರಳು. ಆದರೂ ತಟ್ಟಿತು. ಆಗ ಇನ್ನೊಂದು ಕೈಯನ್ನು ನನ್ನ ಕುತ್ತಿಗೆಗೆ ಇಟ್ಟುಕೊಂಡೆ. ನನ್ನದು ಓಡುತ್ತಿತ್ತು. ಇದು ನಡೆಯುತ್ತಿತ್ತು. ಎರಡೂ ಹೊಂದಲೇ ಇಲ್ಲ! ಗೋಡೆಯ ಗಡಿಯಾರ ನೋಡಿ ಒಂದೊಂದು ನಿಮಿಷ ಎಣಿಸಿದೆ. ನನ್ನದು ನೂರಾ ನಾಲ್ಕು. ಅವನದು ಅರವತ್ತೆಂಟು. "ಎಷ್ಟು ಬಂತು ಅಮ್ಮಾ?" ಎಂದಳು ಯಂತ್ರದಮ್ಮ, ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳಂತೆ. ಹೇಳಿದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅರವತ್ತೆಂಟು. ಬಿ.ಪಿ. ಎಂಬತ್ತೆಂಟು–ಐವತ್ತೆಂಟು. ಎರಡು ಅಂಕಿ ಕಣೇ, ಎರಡು! ಮಧ್ಯಾಹ್ನದಿಂದ ಯಂತ್ರವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿ ಪರೀಕ್ಷೆ ಮಾಡುತ್ತಿದ್ದರಂತೆ, ಮೂರು ಗಂಟೆಗೇ ಗೆರೆ ಏಳಲು ಶುರುವಾಗಿತ್ತಂತೆ, ಖಾತ್ರಿಯಾಗುವವರೆಗೆ ನಮಗೆ ಹೇಳಬಾರದೆಂದು ಅಪ್ಪಣೆಯಂತೆ. ಡಾಕ್ಟರು ಬಂದು ನೋಡಿದರು. ಈಗಲೇ ಕುಣಿಯಬೇಡಿ, ತಲೆ ಹೇಗಿದೆ ಎಂದು ಎಚ್ಚರವಾದ ಮೇಲೇ ಗೊತ್ತು, ಯಂತ್ರ ಇನ್ನೂ ಎರಡು ಮೂರು ದಿನ ಇರಬೇಕು ಎಂದರು. ಆದರೆ ನಾಳೆ ಹತ್ತು ಗಂಟೆಯ ಮಾತು ರದ್ದು. ನಾನು ಕೇಳಿದ ಎರಡು ಸಾಲು ಕಳಿಸಬೇಡ. ಬೆಳಿಗ್ಗೆ ತಪ್ಪದೆ ಇಳಿ. ನೀನು ಕೇಳಿದ ಒಂದೇ ಮಾತು ಇಗೋ: ಇದ್ದಾನೆ. ನನ್ನ ಅಳಿಯ ಇದ್ದಾನೆ. ನನ್ನ ಬೆರಳನ್ನು ನಂಬಬೇಡ, ಬಂದು ನೀನೇ ಕೈ ಹಿಡಿದು ನೋಡು. ಹೆಬ್ಬೆರಳು ಮಾತ್ರ ಇಡಬೇಡ.